ಹುಬ್ಬಳ್ಳಿಗೆ ರೊಟ್ಟಿ ಕಳಿಸಿದ ಕಾಕು

ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಕಾಕು ಬರಿಗೈಯಿಂದಲೇ ತಿರುವಿ ಹಾಕುತ್ತಿದ್ದರು. ಎಷ್ಟೋ ವರ್ಷಗಳ ಬಿಸಿಗೆ ಅವರ ಬಲಗೈ ಬೆರಳ ತುದಿಗಳು ನುಣ್ಣಗಾಗಿ ಹೊಳೆಯುತ್ತಿದ್ದವು. ಹೆಬ್ಬೆಟ್ಟು ಒತ್ತಿದರೆ ಗೆರೆಗಳೇ ಮೂಡುತ್ತಿರಲಿಲ್ಲ. "ನನ್ನ ಹೆಬ್ಬಟ್ಟು ನೋಡಿ ಬ್ಯಾಂಕಿನ ಗುಮಾಸ್ತ ಹಣಿ ಹಣಿ ಬಡಕೋತಿದ್ದ. ಅದಕ್ಕ ಸಹಿ ಮಾಡೋದು ಕಲ್ತೆ ನೋಡ್ರಿ" ಎಂದು ನಗುತ್ತಿದ್ದರು.

ನಾನು ಗುಡಗೇರಿಗೆ ಮಾಸ್ತರನಾಗಿ ಬಂದದ್ದು ಎಂಬತ್ತರ ದಶಕದ ಶುರುವಿನಲ್ಲಿ. ಮೊದಲ ನೌಕರಿ, ಇನ್ನೂ ಕಾಯಂ ಆಗಿರಲಿಲ್ಲ. ಕಾಕು ಬಾಜು ಮನೆಯವರು. ಗಂಡ ತೀರಿಕೊಂಡ ಮೇಲೆ ಓಣಿಯ ಆರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಹುಬ್ಬಳ್ಳಿಯ ಖಾನಾವಳಿಗಳಿಗೆ ಜೋಳದ ಕಡಕ್ ರೊಟ್ಟಿ ಮಾಡಿ ಕಳಿಸುತ್ತಿದ್ದರು. ನಸುಕಿನಲ್ಲಿ ಏಳೂ ಜನ ರೊಟ್ಟಿ ಬಡಿಯಲು ಕೂತರೆ ನನ್ನ ಗೋಡೆಯ ಮೇಲಿನ ಕನ್ನಡಿ ನಡುಗುತ್ತಿತ್ತು. ಒಂದು ದಿನವಾದರೂ ಬಿಸಿಲೇರುವ ತನಕ ಮಲಗಿದ್ದು ನೆನಪಿಲ್ಲ.

ಕೆಲಸದಲ್ಲಿ ಕಾಕು ಅಗದಿ ಕಡಕ್. ಸಂತೆಯಲ್ಲಿ ಜೋಳದ ಕಾಳನ್ನು ಹಲ್ಲಿನಿಂದ ಕಡಿದು ನೋಡಿ, ಬೇಡ ಎಂದರೆ ಬೇಡ. ರೊಟ್ಟಿಯ ಅಂಚು ದಪ್ಪಗಾದರೆ ಪಕ್ಕಕ್ಕಿಟ್ಟುಬಿಡುವರು. "ಉಣ್ಣೋರು ನಮ್ಮ ಕಣ್ಣಿಗೆ ಕಾಣಂಗಿಲ್ಲ ಅಂತ ಕೈ ಸಡ್ಲ ಬಿಡಬ್ಯಾಡ್ರವಾ" ಎಂಬುದು ದಿನದ ಮಾತು.

ಎರಡನೆಯ ವರ್ಷ ಊರಿನ ಉದ್ಯೋಗಗಳ ಪಟ್ಟಿ ಮಾಡುವ ಸರಕಾರಿ ಕೆಲಸ ನನ್ನ ಕೊರಳಿಗೆ ಬಿತ್ತು. ಬಡಗಿ, ಕಮ್ಮಾರ, ಕಾಳಿನ ವ್ಯಾಪಾರಿ ಎಲ್ಲರನ್ನೂ ದುಂಡಗೆ ಬರೆದೆ. ಕಾಕುನ ಹೆಸರಿನ ಮುಂದೆ, ಆ ಆರು ಹೆಣ್ಣುಮಕ್ಕಳ ಹೆಸರಿನ ಮುಂದೆ ಮಾತ್ರ 'ಮನೆಗೆಲಸ' ಎಂದು ಬರೆದು, ಅವರೇ ಕೊಟ್ಟ ಬಿಸಿರೊಟ್ಟಿ, ಕೆಂಪು ಚಟ್ನಿ ತಿಂದು ಎದ್ದೆ. ರೊಟ್ಟಿ ನಮ್ಮವ್ವನೂ ಮಾಡುತ್ತಿದ್ದಳಲ್ಲ! ಅದು ಉದ್ಯೋಗವೆಂದು ನನ್ನ ಮಂದ ತಲೆಗೆ ಹೊಳೆಯಲೇ ಇಲ್ಲ.

ಆ ಬೇಸಿಗೆಗೆ ಸಂಕಟ ಬಂತು. ಇದ್ದ ಎರಡು ಗಿರಣಿಗಳಲ್ಲಿ ಒಂದು ಆ ವರ್ಷ ಮುಚ್ಚಿ, ನಮ್ಮ ಓಣಿಗಳಿಗೆಲ್ಲ ಉಳಿದದ್ದು ಒಂದೇ ಗಿರಣಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಎಲ್ಲರೂ ವರ್ಷದ ಖಾರಪುಡಿ ಬೀಸಿಸಲು ಅಲ್ಲಿಗೇ ಬರುತ್ತಿದ್ದರು. ಅದರ ಹಿಂದೆಯೇ ಜೋಳ ಹಾಕಿದರೆ ಹಿಟ್ಟಿಗೆ ಗುಲಾಬಿ ಬಣ್ಣ. ಗಿರಣಿ ಚಾಚಾ ನಡುವೆ ನಾಲ್ಕು ಹಿಡಿ ನುಚ್ಚು ಹಾಕಿ ಕಲ್ಲು ಚೊಕ್ಕ ಮಾಡಿದರೂ ಖಾರ ಬಿಡುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಬುಟ್ಟಿಗಳು ತುಂಬಿದಂತೆಯೇ ವಾಪಸು ಬಂದವು. ಉಂಡವರ ಬಾಯಿ ಉರಿಯುತ್ತದೆ, ಇನ್ನೊಮ್ಮೆ ಹೀಗಾದರೆ ಬೇರೆ ಕಡೆ ತರಿಸುತ್ತೇವೆ ಎಂದು ಖಾನಾವಳಿಯವರು ಹೇಳಿ ಕಳಿಸಿದ್ದರು. ಏಳು ಮನೆಗಳ ಅನ್ನದ ಮಾತು ಅದು.

"ನಂದೂ ಸೀಜನ್ ಐತ್ರಿ ಅಕ್ಕಾರ, ಖಾರ ಒಲ್ಲೆ ಅನ್ನಾಕ ಬರಂಗಿಲ್ಲ. ನೀವ ಒಂದು ಸಣ್ಣ ಗಿರಣಿ ಹಾಕ್ರಿ" ಎಂದು ಚಾಚಾನೇ ಹೇಳಿದ.

ಗಿರಣಿಗೆ ಕರೆಂಟ್ ಬೇಕೆಂದು ಕಾಕು ಅರ್ಜಿ ಹಾಕಿದರು. ಕಚೇರಿಯ ಸಾಹೇಬರು ಪಟ್ಟಿ ತೆಗೆದು ನೋಡಿ, ನಿಮ್ಮದು ಉದ್ಯೋಗವೇ ಅಲ್ಲ, ಮನೆಗೆಲಸಕ್ಕೆ ಗಿರಣಿಯ ಕರೆಂಟ್ ಸಿಗುವುದಿಲ್ಲ ಎಂದು ಅರ್ಜಿ ತಿರುಗಿ ಕೊಟ್ಟರಂತೆ. ಪಟ್ಟಿಯ ಕೆಳಗೆ ನನ್ನ ಸಹಿ!

ಸಂಜೆ ಕಾಕು ನನ್ನ ಬಾಗಿಲಲ್ಲಿ ನಿಂತರು. "ಮಾಸ್ತರ, ಖಾನಾವಳಿಯವ ರೊಟ್ಟಿ ನೀಡಿದ್ರ ಅದು ದಂಧೆ, ನಾವು ಮಾಡಿದ್ರ ಮನಿಗೆಲಸ. ಯಾವ ಸಾಲ್ಯಾಗ ಕಲ್ತೀರಿ ಇದನ್ನ?"

ನಾನು ಎದ್ದು ಕುರ್ಚಿ ಸರಿಸಿದೆ, ಅವರು ಕೂರಲಿಲ್ಲ.

"ನಾಳೆ ಐತವಾರ. ವಹಿ ತಗೊಂಡು ನನ್ನ ಕೂಡ ಬರ್ರಿ."

ನೋಟ್‌ಬುಕ್ಕು ಹಿಡಿದು ಹೋದೆ. ಜೋಳ ಬೆಳೆದ ರೈತ, ಚೀಲ ತಂದ ಚಕ್ಕಡಿಯವ, ಒಲೆಗೆ ಹತ್ತಿಕಟ್ಟಿಗೆ ಮಾರುವ ಮುದುಕಿ, ಬುಟ್ಟಿ ಹೆಣೆಯುವವರು, ಸ್ಟೇಶನ್ನಿನ ಹಮಾಲ, ಒಬ್ಬೊಬ್ಬರನ್ನೇ ತೋರಿಸಿ ಬರೆಸಿದರು. ಆಮೇಲೆ ಬುಟ್ಟಿಯ ಜೊತೆ ನನ್ನನ್ನೂ ರೈಲು ಗಾಡಿ ಹತ್ತಿಸಿ ತಾವೂ ಹತ್ತಿದರು. ಹುಬ್ಬಳ್ಳಿಯ ಖಾನಾವಳಿಯಲ್ಲಿ ಕಂಡಕ್ಟರು, ಕಾರಕೂನರು, ಕಾಲೇಜು ಹುಡುಗರು ಪುಂಡಿಪಲ್ಯೆಯ ಜೊತೆ ನಮ್ಮೂರ ರೊಟ್ಟಿ ಮುರಿಯುತ್ತಿದ್ದರು. ಕಾಕು ಸೆರಗು ಸರಿಪಡಿಸಿಕೊಂಡು ನಿಂತರು. "ಇವ್ರು ಉಂಡ್ರ ಬಸ್ ನಡೀತಾವ, ಆಫೀಸ್ ನಡೀತಾವ. ಇದನ್ನೂ ಬರಕೋರಿ."

ದೇಶದ ಸಂಪತ್ತಿನ ಪಾಠ ಓದಿ ಪಾಸಾದವನು ನಾನು. ಆ ಸಂಪತ್ತು ಬುಟ್ಟಿಯಲ್ಲಿ ಕೂತು ಗಾಡಿಯಲ್ಲಿ ಬರುವುದನ್ನು ಕಂಡದ್ದು ಅಂದೇ. ಅಲ್ಲಿ ನಿಂತು ನನಗೆ ಆದ ಹೆಮ್ಮೆ, ನಾಚಿಕೆ ಎರಡನ್ನೂ ಮುಚ್ಚಿಡಲು ನೀರು ಕುಡಿಯುವ ನೆಪ ಮಾಡಿದೆ.

ಮರುದಿನ ಕಾಕು, ನಾನು ಇಬ್ಬರೂ ಕಚೇರಿಗೆ ಹೋದಾಗ ಸಾಹೇಬರು ನನ್ನ ವಹಿಯನ್ನು ಪೂರ್ತಿ ಓದಿದರು. "ಪಟ್ಟಿ ತಿದ್ದಬೇಕಾದರೆ ನಿಮ್ಮದೇ ತಪ್ಪು ಅಂತ ನೀವು ಬರೆದು ಕೊಡಬೇಕು. ಕಾಯಂ ಆಗುವ ಹೊತ್ತಿನಲ್ಲಿ ಅಂಥ ಕಾಗದ ಚಲೋ ಅಲ್ಲ, ವಿಚಾರ ಮಾಡಿ."

ಕಾಕು ಎದ್ದು ನಿಂತರು. "ಬ್ಯಾಡ ಬಿಡ್ರಿ ಮಾಸ್ತರ. ನಿಮ್ಮ ನೌಕರಿಗೆ ಕುತ್ತು ತಂದು ನಾ ಗಿರಣಿ ಹಾಕಂಗಿಲ್ಲ. ಹೋಗೂಣು ನಡೀರಿ."

ನಾನು ಸಾಹೇಬರ ಪೆನ್ನನ್ನೇ ಕೇಳಿ ತೆಗೆದುಕೊಂಡೆ. 'ಇವರದು ಆಹಾರ ತಯಾರಿಸುವ ಉದ್ಯೋಗ. ಮನೆಗೆಲಸವೆಂದು ಬರೆದದ್ದು ನನ್ನ ತಿಳಿಗೇಡಿತನ' ಎಂದು ಬರೆದು ಸಹಿ ಹಾಕಿದೆ. ನಾನು ಕಾಯಂ ಆಗುವುದು ಒಂದು ವರ್ಷ ತಡವಾಯಿತು. ಕಾಕುಗೆ ಮಾತ್ರ ಮಳೆಗಾಲದೊಳಗೆ ಕರೆಂಟ್ ಬಂತು. ಮೊದಲ ಹಿಟ್ಟನ್ನು ಚಾಚಾನೇ ನಾಲಿಗೆಗೆ ಹಚ್ಚಿಕೊಂಡು "ಸಪ್ಪಗ ಐತ್ರಿ!" ಎಂದು ಕೂಗಿದಾಗ ಓಣಿಗೆ ಓಣಿಯೇ ನಕ್ಕಿತು.

ಆ ದಶಕದ ಕೊನೆಗೆ, ಒಂದು ಮಧ್ಯಾಹ್ನ, ಎದೆನೋವೆಂದು ಮಲಗಿದ ಕಾಕು ಮತ್ತೆ ಏಳಲಿಲ್ಲ. ಮರುದಿನ ಮಣ್ಣು ಮಾಡಿ ಬಂದೆವು. ಅದರ ಮರುದಿನ ನಸುಕಿನಲ್ಲಿ ಎಚ್ಚರಾಗಿ, ಇಂದು ಗೋಡೆಯ ಆಚೆ ಸದ್ದಿರುವುದಿಲ್ಲ ಎಂದುಕೊಂಡು ಮಲಗಿಯೇ ಇದ್ದೆ. ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಎದ್ದು ಹೋದರೆ ಆರೂ ಜನ ಅತ್ತು ಕೆಂಪಾದ ಕಣ್ಣಿನಲ್ಲೇ ಹಂಚಿನ ಮುಂದೆ ಕೂತಿದ್ದರು.

"ಹುಬ್ಬಳ್ಯಾಗ ಮಂದಿ ಉಣ್ಣಾಕ ಕುಂದರತಾರಲ್ರಿ ಮಾಸ್ತರ" ಎಂದಳು ಅವರಲ್ಲಿ ಹಿರಿಯಳು.

ದಿನಾ ಕಾಕು ಹೊರುತ್ತಿದ್ದ ಬುಟ್ಟಿ ತುಂಬಿ ಕೂತಿತ್ತು, ಹೊರುವವರಿರಲಿಲ್ಲ. ಟಾವೆಲ್ಲನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು ಅದನ್ನು ನಾನು ಹೊತ್ತೆ. ಸ್ಟೇಶನ್ನಿನ ದಾರಿಯಲ್ಲಿ ನನ್ನ ಶಾಲೆಯ ಹುಡುಗರು ಬಾಯಿ ಬಿಟ್ಟುಕೊಂಡು ನಿಂತರು. "ಸರ, ಏನ್ ಮಾಡಾಕತ್ತೀರಿ?"

"ಉದ್ಯೋಗ ಮಾಡಾಕತ್ತೀನಿ, ದಾರಿ ಬಿಡ್ರಲೇ" ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದೆ.