ಬಾಯಿ ತೊಳೆಸಿದ ತಪ್ಪು

“ನಾ ಕೊಟ್ಟ ಪೇಸ್ಟ್ ದಿನಾ ಹಚ್ಚತೀರೇನ್ರಿ?” ಎಂದು ರಾಣೆಬೆನ್ನೂರಿನ ಹಲ್ಲಿನ ಡಾಕ್ಟರು ಕೇಳಿದಾಗ, “ಒಂದ ದಿನಾನೂ ಬಿಟ್ಟಿಲ್ರಿ” ಎಂದು ಹೆಮ್ಮೆಯಿಂದಲೇ ಹೇಳಿದೆ. ಕುರ್ಚಿಯಲ್ಲಿ ಮಲಗಿದ್ದ ಎಂಟು ವರ್ಷದ ಮಗಳು ಎದ್ದು ಕುಳಿತು, “ತಿಕ್ಕಿದ ಕೂಡ್ಲೇ ಅವ್ವ ಬಾಯಿ ತೊಳಸ್ತಾಳ್ರಿ” ಎಂದುಬಿಟ್ಟಳು. ಡಾಕ್ಟರು ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟು ನನ್ನ ಕಡೆ ತಿರುಗಿದರು.

ಅವಳ ಹಲ್ಲಿನ ಮೇಲ್ಪದರ ಮೊದಲಿನಿಂದಲೂ ಮೆದು. ಅದಕ್ಕೆಂದೇ ಅವರು ಹಲ್ಲು ಗಟ್ಟಿ ಮಾಡುವ ಫ್ಲೋರೈಡ್ ಪೇಸ್ಟ್ ಬರೆದುಕೊಟ್ಟು, ತಿಕ್ಕಿದ ಮೇಲೆ ನೊರೆ ಉಗುಳಿದರೆ ಸಾಕು, ಔಷಧ ಹಲ್ಲಿಗೆ ಹಿಡಿಯುವಂತೆ ಅರ್ಧ ತಾಸು ನೀರು ತಾಗಿಸಬೇಡಿ ಎಂದಿದ್ದರು. ಆದರೆ ಮುಕ್ಕಳಿಸದ ಎಂಜಲು ಬಾಯಲ್ಲಿ ಅಡುಗೆಮನೆಗೆ ಬಿಟ್ಟರೆ ಮಡಿಯ ಅತ್ತೆ ಏನಂದಾರೋ ಎಂದು ಹೆದರಿ, ನಾನೇ ತಂಬಿಗೆ ಹಿಡಿದು ನಿಂತು ದಿನಾ ಬಾಯಿ ತೊಳೆಸಿದ್ದೆ. ಮತ್ತೆ ಹುಟ್ಟದ ದವಡೆ ಹಲ್ಲೊಂದು ಆಗಲೇ ಪುಡಿಯಾಗಿತ್ತು. ಕೀಳಲೇಬೇಕಾಯಿತು.

ಬ್ಯಾಡಗಿಗೆ ಮರಳಿ ಅತ್ತೆಗೆ ಎಲ್ಲ ಹೇಳಿದೆ. ಮೊಮ್ಮಗಳ ಊದಿದ ಕೆನ್ನೆ ಸವರುತ್ತ ಅವರು, “ನನಗ ಒಂದ ಮಾತು ಕೇಳಬಾರ್ದಿತ್ತೇನವಾ? ಕೂಸಿನ ಹಲ್ಲಿಗಿಂತ ನನ್ನ ಮಡಿ ದೊಡ್ಡದೇನು?” ಎಂದರು.

ಈಗ ಮಗಳು ನೊರೆ ಉಗುಳಿ ನೇರ ಅಡುಗೆಮನೆಗೇ ಬರುತ್ತಾಳೆ. ಅರ್ಧ ತಾಸು ನೀರಿನ ಕೊಡಕ್ಕೆ ಅತ್ತೆಯದೇ ಕಾವಲು. ನನಗೆ ಮಾತ್ರ ಬಚ್ಚಲಲ್ಲಿ ಆ ತಂಬಿಗೆ ಮುಟ್ಟುವಾಗೆಲ್ಲ, ಆ ಹಲ್ಲನ್ನು ನನ್ನ ಕೈಯಾರೆ ತೊಳೆದು ಚೆಲ್ಲಿದೆನಲ್ಲ ಎನಿಸುತ್ತದೆ.