ಉಡುಗೊರೆಯ ಹೋರಿ ವಾಪಸ್ ಹೋಯಿತು

ಸೆಮಾರಾಂಗ್ ನಗರದ ಹಳೇ ಮಾರುಕಟ್ಟೆಯನ್ನು ಹೊಸದಾಗಿ ಕಟ್ಟುತ್ತಿರುವ ಜಾಗ. ಬೆಳಗಿನ ನಮಾಜು ಮುಗಿಯುವ ಹೊತ್ತಿಗೆ ಮೊದಲ ಕಾಂಕ್ರೀಟ್ ಲಾರಿ ಬಂದು ನಿಲ್ಲುತ್ತದೆ. ಬಂದ ಕಾಂಕ್ರೀಟಿನ ಹದ ಪರೀಕ್ಷಿಸುವ ವಾರ್ತಿನಿ, ಎಲ್ಲರ ಬಾಯಲ್ಲಿ 'ಬು', ಅಂದರೆ ಅಮ್ಮ, ಆಗಲೇ ಕುಕ್ಕರಗಾಲಲ್ಲಿ ಕೂತಿದ್ದಾರೆ. ಬುಡ ಅಗಲ, ಬಾಯಿ ಕಿರಿದಾದ ತಗಡಿನ ಅಚ್ಚಿಗೆ ಹಸಿ ಕಾಂಕ್ರೀಟು ತುಂಬಿ, ಸರಳಿನಿಂದ ಕುಟ್ಟಿ, ಅಚ್ಚನ್ನು ಮೆಲ್ಲಗೆ ಮೇಲೆತ್ತುತ್ತಾರೆ. ಹದವಾಗಿದ್ದರೆ ಗುಡ್ಡೆ ಸ್ವಲ್ಪ ಕುಸಿದು ನಿಲ್ಲಬೇಕು. ಇವತ್ತಿನದು ಅಂಬಲಿಯ ಹಾಗೆ ಹರಡಿಕೊಳ್ಳುತ್ತದೆ.

"ನೀರು ಹುಯ್ದಿದ್ದೀಯಪ್ಪ. ವಾಪಸ್ ತಗೊಂಡು ಹೋಗು."

"ದಾರೀಲಿ ಟ್ರಾಫಿಕ್ಕು, ಬು. ಗಟ್ಟಿಯಾಗ್ತಿತ್ತು. ಇದೊಂದು ಸಲ ಬಿಟ್ಬಿಡಿ, ಸಿಗರೇಟಿಗೆ ಅಂತ ಏನಾದ್ರೂ..." ಚಾಲಕ ಜೇಬಿಗೆ ಕೈ ಹಾಕುತ್ತಾನೆ.

"ನಾನು ಸೇದಲ್ಲ. ನೀನೂ ಬಿಡು, ಆಗ್ಲಿಂದ ಕೆಮ್ತಾ ಇದ್ದೀಯ."

ಲಾರಿ ತಿರುಗುತ್ತದೆ. ಜೇಬಿನ ಲಂಚವನ್ನು ಹೀಗೆ ತಳ್ಳಬಹುದು. ಮನೆಯಂಗಳಕ್ಕೇ ನಡೆದು ಬರುವ ಲಂಚವನ್ನು ಏನು ಮಾಡುತ್ತಾರೆ? ಅದನ್ನು ತಿಳಿದು ಪತ್ರಿಕೆಗೆ ಬರೆಯಲೆಂದೇ ನಾನು ಇವರ ಬೆನ್ನು ಬಿದ್ದದ್ದು.

ಈ ಭಾನುವಾರ ವಾರ್ತಿನಿಯವರ ಮಗಳು ರೆತ್ನೋಳ ಮದುವೆ. ನಮ್ಮ ಕಡೆ ಮದುವೆಮನೆಗೆ ಬಂದ ಅಕ್ಕಿ, ಬೆಲ್ಲ, ಕೋಳಿಯನ್ನು ಯಾರೂ ಬೇಡವೆನ್ನುವುದಿಲ್ಲ. ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಅಷ್ಟನ್ನೇ ತಿರುಗಿ ಕೊಡಬೇಕು. ಕಾಂಕ್ರೀಟ್ ಪೂರೈಸುವ ಹಾರ್ತೊಯೊ ಕಳೆದ ವಾರ ಒಂದು ಹೋರಿಯನ್ನೇ ಕಳಿಸಿದರು. ಗಂಡ ತೀರಿಕೊಂಡ ಮೇಲೆ ಇಟ್ಟಿಗೆ ಹೊತ್ತು ಮಗಳನ್ನು ಸಾಕಿದ ಹೆಂಗಸು ಹೋರಿಯನ್ನು ಎಲ್ಲಿಂದ ತೀರಿಸಬೇಕು? ನೀರು ಬೆರೆತ ಲಾರಿಗಳನ್ನು ಒಳಗೆ ಬಿಟ್ಟು ತೀರಿಸಬೇಕು, ಅಷ್ಟೇ. ಭಲೇ ಜಾಣತನ.

ಮರುಬೆಳಗ್ಗೆ ವಾರ್ತಿನಿ ಕೇರಿಯವರೆಲ್ಲ ನೋಡುತ್ತಿರುವಾಗಲೇ ಹೋರಿಯನ್ನು ನಡೆಸಿಕೊಂಡು ಹೋಗಿ ಹಾರ್ತೊಯೊ ಅವರ ಗೇಟಿಗೆ ಕಟ್ಟಿ ಬಂದರು.

ಕೇರಿ ಸಿಟ್ಟಾಯಿತು. ಮದುವೆಯ ಕಾಣಿಕೆ ಹಿಂದಿರುಗಿಸುವುದೆಂದರೆ ಕೊಟ್ಟವರ ಮುಖಕ್ಕೆ ಹೊಡೆದಂತೆ. ಅಡುಗೆಗೆ ಕೈಜೋಡಿಸಬೇಕಾದ ನೆರೆಯ ಹೆಂಗಸರು ಒಬ್ಬೊಬ್ಬರಾಗಿ ನೆಪ ಹೇಳಿದ್ದಾರೆ. "ಇವತ್ತು ಹೋರಿ ವಾಪಸ್ ಕಳಿಸಿದ್ಲು, ನಾಳೆ ನನ್ನ ಕೋಳೀನೂ ಕಳಿಸ್ತಾಳೆ" ಎಂದು ಪಕ್ಕದ ಮನೆಯ ಸುಮಿನಾ ನನ್ನೆದುರೇ ಮೂತಿ ತಿರುವಿದರು. ರೆತ್ನೋ ಅಮ್ಮನೊಡನೆ ಮಾತು ಬಿಟ್ಟಿದ್ದಾಳೆ. ಬೀಗರೆದುರು ಅಂಗಳ ಬಿಕೋ ಎಂದರೆ ಅವಮಾನ ಅವಳದ್ದೇ ತಾನೆ.

"ಬೇಜಾರಾಗಲ್ವಾ, ಬು?" ಎಂದು ಕೇಳುತ್ತೇನೆ.

"ಆಗದೆ ಇರುತ್ತಾ? ಅತ್ತುಬಿಟ್ಟೆ." ಅಚ್ಚು ತೊಳೆಯುತ್ತಲೇ ಹೇಳುತ್ತಾರೆ. "ಅಡುಗೆ ನಾನೇ ಮಾಡ್ಕೋತೀನಿ, ಒಂದೆರಡು ಪದಾರ್ಥ ಕಮ್ಮಿಯಾಗುತ್ತೆ. ಈ ಮಾರುಕಟ್ಟೆ ಕಟ್ಟಿ ಮುಗಿದ್ಮೇಲೆ ಸುಮಿನಾ ಅಂಗಡಿ ಇಲ್ಲೇ ಕೆಳಗಿನ ಸಾಲಲ್ಲಿ ಬರುತ್ತೆ. ಅವಳು ಮದುವೆಗೆ ಬರದೇ ಇದ್ರೂ ಇರ್ಲಿ. ತರಕಾರಿ ಮಾರೋವಾಗ ಮಾಳಿಗೆ ಬೀಳುತ್ತೇನೋ ಅಂತ ಅವಳು ತಲೆ ಎತ್ತಿ ನೋಡೋ ಹಾಗೆ ಆಗ್ಬಾರ್ದು."