ಕೌದಿ ಒಗೆಯುವ ಚೀಟಿ

ಕಾಲೇಜಿನಲ್ಲಿ ಪಾಠ ಮಾಡಲು ಸಿಂದಗಿಗೆ ಬಂದ ಮೊದಲ ದಿನವೇ ಮನೆಯೊಡತಿ ನೀಲಕ್ಕ ನನ್ನ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತೋರಿಸಿ, "ಇವನ್ನ ಒಗೀರಿ ಸರ" ಎಂದರು. ರಟ್ಟನ್ನು ಒಗೆಯುವುದು ಹೇಗೆಂದು ತಿಳಿಯದೆ ನಿಂತೇ ಇದ್ದೆ. ನಮ್ಮ ಮೈಸೂರಿನಲ್ಲಿ ಒಗೆಯುವುದು ಬಟ್ಟೆಯನ್ನು. ಇಲ್ಲಿ ಕಸವನ್ನೂ ಒಗೆಯುತ್ತಾರೆ, ಅಂದರೆ ಎಸೆಯುತ್ತಾರೆ. ಕನ್ನಡ ಎಂ.ಎ. ಮಾಡಿದವನು ಕನ್ನಡದಲ್ಲೇ ತಡವರಿಸಿದ್ದೆ.

ಅಂದಿನಿಂದ ಕಿವಿಯನ್ನೂ ನೆನಪನ್ನೂ ನಂಬುವುದು ಬಿಟ್ಟೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಕತ್ತರಿಸಿ, ಹಿಂಬದಿಯಲ್ಲಿ ಚೀಟಿಗೊಂದು ಕೆಲಸ ಬರೆದು, ಕಿರಾಣಿ ಅಂಗಡಿಯವರು ಬಿಲ್ಲು ಚುಚ್ಚಿಡುವಂಥ ತಂತಿಗೆ ಸಿಕ್ಕಿಸುತ್ತಿದ್ದೆ. ಮುಗಿದದ್ದನ್ನು ಹರಿದುಹಾಕುವ ಸುಖವೇ ಬೇರೆ. ನೀರು ಬಿಡುವ ಹೊತ್ತು, ಗ್ಯಾಸು, ಬೇಸ್ತವಾರವೆಂದರೆ ಗುರುವಾರ ಎಂಬುದು, ಎಲ್ಲವೂ ತಂತಿಯ ಮೇಲಿತ್ತು. ಊರಿನ ಗೆಳೆಯರಿಗೆ ಫೋನಿನಲ್ಲಿ ಈ ತಂತಿಯ ಬಗ್ಗೆ ಬಡಾಯಿ ಕೊಚ್ಚಿದ್ದೂ ಆಯಿತು. ರೊಟ್ಟಿ ಗಂಟಲಲ್ಲಿ ಸಲೀಸಾಗಿ ಇಳಿಯುವ ಹೊತ್ತಿಗೆ 'ಒಗೆ' ಎಂದರೆ ಎಸೆ ಎಂಬುದೂ ತಲೆಯಲ್ಲಿ ಗಟ್ಟಿಯಾಗಿತ್ತು.

ತಾಂಬಾದ ಮಗಳ ಮನೆಗೆ ಹೊರಟ ನೀಲಕ್ಕ ತಮ್ಮ ಕೌದಿ ತಂದಿಟ್ಟರು. ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಹೊದಿಕೆ ಅದು. ನಾನು ಕಾಲೇಜಿಗೆ ಹೊರಡುವ ಅವಸರದಲ್ಲಿದ್ದೆ. ಅವರು ಹೇಳಿದ್ದನ್ನು ಅರ್ಧಂಬರ್ಧ ಕೇಳಿಸಿಕೊಂಡು ಚೀಟಿ ಬರೆದೆ: ಐತವಾರ, ಕೌದಿ ಒಗೆ.

ಭಾನುವಾರ ಚೀಟಿ ಕೈಗೆತ್ತಿಕೊಂಡಾಗ ಅವರು ನನ್ನ ವಾಷಿಂಗ್ ಮಷಿನ್ನಿನ ಮಾತೇನೋ ಆಡಿದ ಹಾಗೆ ನೆನಪಾಯಿತು. ನೆನಪನ್ನು ಯಾರು ನಂಬುತ್ತಾರೆ? ಕೌದಿ ತೇಪೆಯ ಮೇಲೆ ತೇಪೆಯಾಗಿತ್ತು. ಚೀಟಿ ಸ್ಪಷ್ಟವಾಗಿತ್ತು. ಕಸದ ಗಾಡಿಗೆ ಹಾಕಿ, ಇಲ್ಲಿಯವನೇ ಆದೆನೆಂದು ಬೀಗಿದೆ.

ಮರಳಿ ಬಂದ ನೀಲಕ್ಕ ಅಂಗಳದ ಹಗ್ಗ ನೋಡಿದರು. "ಎಲ್ಲಿ ಒಣಾ ಹಾಕೀರಿ ಸರ?"

ತಪ್ಪಾಯಿತು ಎನ್ನಬೇಕಿತ್ತು. ನಾನು ಒಳಗೆ ಹೋಗಿ ಚೀಟಿ ತಂದು ತೋರಿಸಿದೆ. ನೀವೇ ಒಗೆ ಎಂದದ್ದು ಎಂದು ವಾದಿಸಿದೆ. ಇವತ್ತಿಗೂ ಮುಖ ಎತ್ತಲಾಗದಂತೆ ಮಾಡುವುದು ಆ ವಾದವೇ.

ಅವರು ಚೀಟಿ ಓದಿ ತಿರುಗಿ ಕೊಟ್ಟರು. "ಹಂಗಾರ ನಿಮ್ಮ ಅಂಗಿ ಹೆಂಗ ಒಗೀತೀರಿ ಸರ? ಅವನ್ನೂ ಗಾಡಿಗೆ ಹಾಕತೀರೇನು?" ಖಾಲಿ ಹಗ್ಗದ ಕಡೆ ತಿರುಗಿ ಮೆಲ್ಲಗೆ ಅಂದರು, "ಅದರಾಗ ನಮ್ಮವ್ವನ ಸೀರಿ ಇದ್ದುವ್ರಿ."

ಗಾಡಿಯವರನ್ನು ಹುಡುಕಿಕೊಂಡು ಹೋದೆ. ಸಿಗಲಿಲ್ಲ. ಮನೆ ಬಿಡಿ ಎಂದು ನೀಲಕ್ಕ ಹೇಳಲಿಲ್ಲ. ಮುಂಜಾನೆ "ಆರಾಮ ಅದೀರಿ ಸರ?" ಎಂದು ಈಗಲೂ ಕೇಳುತ್ತಾರೆ. ಕೆಲಸ ಮಾತ್ರ ಹೇಳುವುದಿಲ್ಲ.

ರಜೆಗೆ ಮೈಸೂರಿಗೆ ಹೋದಾಗ ಅಮ್ಮ, "ಬಟ್ಟೆ ಏನಾದ್ರೂ ಒಗೆಯೋದಿದ್ಯೇನೋ?" ಎಂದಳು. ಚೀಲ ಕೊಡಲು ಕೈ ಒಂದು ಕ್ಷಣ ಹಿಂಜರಿಯಿತು. ಆ ಚೀಟಿ ಇನ್ನೂ ತಂತಿಯ ಮೇಲಿದೆ. ಅದನ್ನು ಒಗೆಯಲಾಗಿಲ್ಲ, ಯಾವ ಊರಿನ ಅರ್ಥದಲ್ಲೂ.